ಹನ್ನೆರಡನೆಯ ಎಣಿಕೆ

ಬಾನುಲಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಬೆಳಗಿನ ಪ್ರಾರ್ಥನೆಯ ಕಾರ್ಯಕ್ರಮವನ್ನು ಧ್ವನಿಮುದ್ರಿಸಿದ ಅವರಿಗೆ ಜೊತೆಯವರು ಕತ್ತರಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಅವರು ಕತ್ತರಿ ಹಿಡಿದವರಲ್ಲ. ಗಡ್ಡ ಹೆರೆಯುವ ಬ್ಲೇಡಿನಿಂದಲೇ ಟೇಪು ಕೊಯ್ಯುತ್ತಿದ್ದರು. ಹಾಡುವವರು ಕೆಮ್ಮಲಿ, ಉಸಿರೆಳೆಯಲಿ, ಕುರ್ಚಿ ಕಿರುಗುಟ್ಟಲಿ, ಮೇಷ್ಟ್ರು ಅಷ್ಟನ್ನು ಮಾತ್ರ ಕೊಯ್ದು, ಎರಡು ತುದಿಗಳನ್ನು ಅಂಟಿಸಿ, ಕೆಮ್ಮೇ ಇಲ್ಲದ ಜನಾಂಗವೊಂದು ದೇವರನ್ನು ಹೊಗಳುತ್ತಿದೆಯೆಂಬಂತೆ ಮಾಡಿಬಿಡುತ್ತಿದ್ದರು. ದೇವರ ಕಿವಿಗೆ ಕಸ ಹೋಗಬಾರದು ಎಂಬುದು ಅವರ ಮತ. ನಿವೃತ್ತರಾದಾಗ ಕೇಂದ್ರದವರು ಮೂಲೆಗೆ ಬಿದ್ದಿದ್ದ ಎರಡು ಟೇಪು ಯಂತ್ರಗಳನ್ನು ಅವರಿಗೇ ಕೊಟ್ಟು ಕೈಮುಗಿದರು.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು, ಗದ್ದಲವೇ ಸಂಗೀತವೆನ್ನುವ ಪಂಕ್ ರಾಕ್ ತಂಡವೊಂದರಲ್ಲಿ ಡ್ರಮ್ಸ್ ಬಾರಿಸುತ್ತಿದ್ದಳು. ತಂಡದ ಹೆಸರು ‘ಮೂರನೆಯ ನೋಟೀಸು’. ಗದ್ದಲ ಮಾಡಬೇಡಿರೆಂದು ವಠಾರದ ಸಂಘದವರು ಕೊಟ್ಟ ಎರಡು ನೋಟೀಸುಗಳನ್ನು ಅವರು ಗೋಡೆಗೆ ಅಂಟಿಸಿಕೊಂಡಿದ್ದರು. ಮೇಷ್ಟ್ರು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿ, ಅಟ್ಟದಿಂದ ಪಾತ್ರೆ ಉರುಳಿದ ಹಾಗಿದೆ ಎಂದು ಹೇಳಿ ಹೋಗಿದ್ದರು. ಮಗಳು ನಕ್ಕಿದ್ದಳು. ಆಮೇಲೆ ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಎತ್ತುವುದಕ್ಕೆ ಬೇಕಾದಷ್ಟು ಕಾಲವಿದೆ ಎಂದು ಇಬ್ಬರಿಗೂ ಅನಿಸಿರಬೇಕು. ಒಂದು ಮಂಗಳವಾರ ತಲೆನೋವೆಂದು ಮಲಗಿದವಳು ಏಳಲಿಲ್ಲ. ಮೂವತ್ನಾಲ್ಕು ವರ್ಷ.

ಮೂರು ತಿಂಗಳು ಕಳೆದ ಮೇಲೆ ತಂಡದ ಉಳಿದ ಮೂವರು ಮನೆಗೆ ಬಂದರು. ಹಾಡುವವಳು ಹಲ್ಲಿನ ಡಾಕ್ಟರ ಬಳಿ ರೋಗಿಗಳ ಸರದಿ ಬರೆದುಕೊಳ್ಳುವವಳು. ಗಿಟಾರಿನವನು ಲಿಫ್ಟ್ ರಿಪೇರಿಯವನು. ಇನ್ನೊಬ್ಬಳು ಗಣಿತದ ಟೀಚರು, ತಾನು ಬೇಸ್ ಗಿಟಾರು ನುಡಿಸುವುದು ಶಾಲೆಗೆ ಗೊತ್ತಾಗಬಾರದೆಂದು ಮಾತು ಮಾತಿಗೂ ಹೇಳುವವಳು. ಮೇಷ್ಟ್ರು ಎಂಟು ದಿನ ಯಾತ್ರೆಗೆ ಹೋಗಿದ್ದಾಗ ಮಗಳೂ ಇವರೂ ಸೇರಿ ಅದೇ ಮನೆಯ ಹಿಂದಿನ ಕೋಣೆಯಲ್ಲಿ, ಅದೇ ಯಂತ್ರದಲ್ಲಿ, ತಮ್ಮ ಮೊದಲ ಆಲ್ಬಮ್ಮಿನ ಹನ್ನೊಂದು ಹಾಡು ಮುದ್ರಿಸಿದ್ದರಂತೆ. ಆಲ್ಬಮ್ಮಿನ ಹೆಸರು ‘ದಯವಿಟ್ಟು ಸುಮ್ಮನಿರಿ’. ಟೇಪನ್ನು ಜೋಡಿಸುವುದು ಮಗಳ ಕೆಲಸವಾಗಿತ್ತು. ಅವಳನ್ನು ಬಿಟ್ಟರೆ ಅದು ಬರುವುದು ಮೇಷ್ಟ್ರಿಗೇ. ತಿಂಗಳ ಕೊನೆಗೆ ಡಿಸ್ಕು ಅಚ್ಚಿಗೆ ಹೋಗಬೇಕು.

ಹಾಡುಗಳ ಕ್ರಮ ಬರೆದ ಚೀಟಿ ಕೊಟ್ಟು, ಅವನ್ನು ಒಂದರ ಹಿಂದೆ ಒಂದು ಅಂಟಿಸಿದರೆ ಸಾಕು, ಬೇರೇನೂ ಮಾಡುವುದು ಬೇಡ ಎಂದು ಹಾಡುವವಳು ಎರಡೆರಡು ಸಲ ಹೇಳಿದಳು. ಮೇಷ್ಟ್ರು ತಲೆಯಾಡಿಸಿದರು. ಮಗಳ ಕೆಲಸ, ಅರೆಬರೆ ಮಾಡುವುದುಂಟೆ?

ಹಾಡು ಎಲ್ಲಿ ಶುರುವಾಗುತ್ತದೆಂದು ಹುಡುಕುವಾಗ ಯಂತ್ರವನ್ನು ಓಡಿಸುವುದಿಲ್ಲ. ಎರಡು ಸುರುಳಿಗಳನ್ನು ಕೈಯಲ್ಲೇ ಹಿಂದೆ ಮುಂದೆ ನಿಧಾನವಾಗಿ ತಿರುಗಿಸುತ್ತಾರೆ. ಮೊದಲ ಪೆಟ್ಟು ಬಿದ್ದ ಜಾಗಕ್ಕೆ ಬಿಳಿ ಪೆನ್ಸಿಲಿನಿಂದ ಗುರುತು ಹಾಕಿ, ಅದರ ಹಿಂದಿನದನ್ನೆಲ್ಲ ಕೊಯ್ಯುತ್ತಾರೆ. ಹಾಗೆ ತಿರುಗಿಸಿದಾಗ ಪ್ರತಿ ಹಾಡಿನ ಮುಂದೆಯೂ ಏನೋ ಒಂದು ದಪ್ಪ ನರಳಿಕೆ ಕೇಳುತ್ತಿತ್ತು, ನೆಲದ ಮೇಲೆ ಕಬ್ಬಿಣದ ಬೀರು ಎಳೆದ ಹಾಗೆ. ಮೇಷ್ಟ್ರು ಅದನ್ನು ಕೊಯ್ದರು. ನಡುವಿನ ನಗು, ಬಾಟಲಿ ಉರುಳಿದ್ದು, ಯಾರೋ ಯಾರಿಗೋ ಬೈದದ್ದು, ಎಲ್ಲವನ್ನೂ ಕೊಯ್ದರು. ಹಾಡುಗಳನ್ನು ಮಾತ್ರ ಪೂರ್ತಿಯಾಗಿ ಕೇಳಲಿಲ್ಲ. ಅದು ಅವರ ಕೈಲಾಗಲಿಲ್ಲ. ಆರು ದಿನ ಕೂತು ಮುಗಿಸಿ ಮೂವರನ್ನೂ ಕರೆಸಿದರು.

ಟೇಪು ಓಡಿತು. ಮೂವರೂ ನೆಲ ನೋಡುತ್ತ ಕೂತಿದ್ದರು. ಮೂರನೆಯ ಹಾಡಿಗೆ ಹಾಡುವವಳು ಕೈಯೆತ್ತಿದಳು.

“ಅಂಕಲ್, ಅವಳು ಎಣಿಸೋದೆಲ್ಲಿ?”

“ಏನು ಎಣಿಸೋದು?”

“ಪ್ರತಿ ಹಾಡಿಗೂ ಮುಂಚೆ ಒಂದ್, ಎರಡ್, ಮೂರ್, ನಾಕ್ ಅಂತ ಕೂಗ್ತಾಳಲ್ಲ. ಇಡೀ ಆಲ್ಬಮ್‌ನಲ್ಲಿ ಅವಳ ದನಿ ಇರೋದು ಅಷ್ಟೇ.”

ಮೇಷ್ಟ್ರು ಸುಳ್ಳು ಹೇಳಿ ಅಭ್ಯಾಸವಿಲ್ಲದವರು. “ಕೈಯಲ್ಲಿ ನಿಧಾನಕ್ಕೆ ತಿರುಗಿಸಿದ್ರೆ ಮಾತು ಮಾತಿನ ಹಾಗೆ ಕೇಳಲ್ಲಮ್ಮ. ಬೀರು ಎಳೆದ ಸದ್ದು ಅಂದ್ಕೊಂಡೆ,” ಎಂದರು.

ಲಿಫ್ಟಿನವನಿಗೆ ನಗು ಬಂತು. ನಕ್ಕು, ಅಳುವ ಮುಖ ಮಾಡಿಕೊಂಡು ಹೊರಗೆ ಹೋದ.

ಕಾರ್ಯಕ್ರಮ ಪ್ರಸಾರವಾಗುವವರೆಗೆ ಕೊಯ್ದ ಚೂರನ್ನು ಎಸೆಯಬಾರದೆಂಬುದು ಬಾನುಲಿಯ ಪದ್ಧತಿ. ಆದ್ದರಿಂದ ಚೂರುಗಳೆಲ್ಲ ಬುಟ್ಟಿಯಲ್ಲೇ ಇದ್ದವು: ಅರುವತ್ತಕ್ಕೂ ಹೆಚ್ಚು ಕಂದು ಪಟ್ಟಿಗಳು, ಒಂದಕ್ಕೊಂದು ಸುತ್ತಿಕೊಂಡು. ಯಾವುದರ ಮೇಲೂ ಬರಹವಿಲ್ಲ. ಕೊಯ್ದ ಅಂಚು ನೋಡಿ ಹೊಂದಿಸೋಣವೆಂದರೆ ಪಳಗಿದ ಕೈ. ಎಲ್ಲ ಅಂಚೂ ಒಂದೇ ಓರೆ. ಇನ್ನೊಬ್ಬ ಯಾರಾದರೂ ಕೆಟ್ಟದಾಗಿ ಕೊಯ್ದಿದ್ದರೆ ಅರ್ಧ ದಿನದ ಕೆಲಸವಾಗುತ್ತಿತ್ತು.

ಉಳಿದದ್ದು ಒಂದೇ ದಾರಿ. ಎಣಿಕೆಯ ವೇಗವೂ ಹಾಡಿನ ವೇಗವೂ ಒಂದೇ ಇರಬೇಕು. ಯಾವ ಎಣಿಕೆ ಯಾವ ಹಾಡಿನದೆಂದು ತಿಳಿಯಬೇಕಾದರೆ ಹನ್ನೊಂದು ಹಾಡುಗಳನ್ನೂ ಮೊದಲಿನಿಂದ ಕೊನೆಯವರೆಗೆ, ಮತ್ತೆ ಮತ್ತೆ ಕೇಳಬೇಕು. ಗೆಳತಿಯ ಎಣಿಕೆಯನ್ನು ತಾವೇ ಹೊಂದಿಸಿಕೊಡುತ್ತೇವೆಂದು ಆ ಮೂವರು ಹೇಳಿದರು. ಕೊಯ್ದವನು ನಾನು, ಹೊಲಿಯುವವನೂ ನಾನೇ ಎಂದು ಮೇಷ್ಟ್ರು ಒಪ್ಪಲಿಲ್ಲ.

ಮೊದಲ ಎರಡು ದಿನ ಕಿವಿ ಗಡಚಿಕ್ಕಿಹೋಯಿತು. ಪಕ್ಕದ ಮನೆಯವರು ಬಂದು, ಮಗಳು ಹೋದ ದುಃಖಕ್ಕೆ ಹೀಗಾಗಿರಬಹುದೆಂದು ಮೆಲ್ಲಗೆ ವಿಚಾರಿಸಿದರು. ಸಂಘದಿಂದ ನೋಟೀಸೂ ಬಂತು, ಮೇಷ್ಟ್ರ ಹೆಸರಿಗೆ. ಮೂರನೆಯ ದಿನ ಗದ್ದಲದೊಳಗೆ ಪದಗಳು ಕೇಳಿಸಿದವು. ಒಂದು ಹಾಡು ಕೆಟ್ಟ ಲಿಫ್ಟಿನದು. ಇನ್ನೊಂದು, ಬಾಯಿ ತೆರೆದು ಕೂತಾಗಲೇ ಪ್ರಶ್ನೆ ಕೇಳುವ ಹಲ್ಲಿನ ಡಾಕ್ಟರದು. ನಾಲ್ಕನೆಯ ದಿನ ಮಗಳ ಎಡಗೈ ಗೊತ್ತಾಯಿತು. ಎಡಗೈ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು, ಎಲ್ಲ ಹಾಡಿನಲ್ಲೂ. ಬಾಗಿಲಲ್ಲಿ ನಿಂತು ಕೇಳಿದ್ದರೆ ತಿಳಿಯುವಂಥದ್ದಲ್ಲ. ಐದನೆಯ ದಿನ ಪ್ರಾರ್ಥನಾ ಮಂದಿರದಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ ಅವರ ಬೆರಳು ತೊಡೆಯ ಮೇಲೆ ಕೆಟ್ಟ ಲಿಫ್ಟಿನ ಹಾಡನ್ನು ಬಾರಿಸುತ್ತಿತ್ತು. ಮುಂದೆ ಕೂತ ಹಿರಿಯರೊಬ್ಬರು ತಿರುಗಿ ನೋಡಿದರು. ಮೇಷ್ಟ್ರು ದೇವರಲ್ಲಿ ಕ್ಷಮೆ ಕೇಳಿ, ಬೆರಳನ್ನು ಹಾಗೇ ಬಿಟ್ಟರು.

ಒಂಬತ್ತು ದಿನದಲ್ಲಿ ಹನ್ನೊಂದು ಎಣಿಕೆಗಳೂ ತಂತಮ್ಮ ಹಾಡಿಗೆ ಸೇರಿದವು. ಆದರೆ ಬುಟ್ಟಿಯಲ್ಲಿ ಉಳಿದ ನಗು, ಬೈಗುಳದ ಚೂರುಗಳ ನಡುವೆ ಇನ್ನೂ ಕೇಳದ ಒಂದು ಉದ್ದನೆಯ ಪಟ್ಟಿ ಇತ್ತು. ಅದನ್ನು ಯಂತ್ರಕ್ಕೆ ಹಾಕಿ, ಈ ಸಲ ಕೈಯಲ್ಲಿ ತಿರುಗಿಸದೆ ಓಡಿಸಿದರು.

“ಒಂದ್, ಎರಡ್, ಮೂರ್…” ಎಂದಳು ಮಗಳು. ಆಮೇಲೆ ಕೋಲು ಕೆಳಗಿಟ್ಟ ಸದ್ದು. “ತಡೀರಿ, ಇದು ಬೇಡ. ಇದು ಅಪ್ಪನ ಹಾಡು. ಅಪ್ಪ ಬದುಕಿರೋವರೆಗೂ ಇದನ್ನ ರೆಕಾರ್ಡ್ ಮಾಡೋದು ಬೇಡ.” ಲಿಫ್ಟಿನವನ ದನಿ ಏನೋ ಕೇಳಿತು. “ಬೇಜಾರು ಮಾಡ್ಕೋತಾರೆ. ನಮಗೇನು ಅವಸರ? ನಾವೆಲ್ಲ ಇನ್ನೂ ಇರ್ತೀವಲ್ಲ,” ಎಂದು ನಕ್ಕಳು.

ಪಟ್ಟಿ ಮುಗಿದು ಖಾಲಿ ಸುರುಳಿ ತಿರುಗುತ್ತಿತ್ತು. ಮೇಷ್ಟ್ರು ಅದನ್ನು ನಿಲ್ಲಿಸಲು ಬಹಳ ಹೊತ್ತು ತೆಗೆದುಕೊಂಡರು.

ಮರುದಿನ ಮೂವರಿಗೂ ಅದನ್ನು ಕೇಳಿಸಿದರು. ಟೀಚರು ಮುಖ ಮುಚ್ಚಿಕೊಂಡಳು. ಹಾಡುವವಳು, ಅದು ಆಲ್ಬಮ್ಮಿನದಲ್ಲ, ನಿಮಗೆ ಸೇರಿದ್ದು, ಇಟ್ಟುಕೊಳ್ಳಿ, ಬೇಡವಾದರೆ ಎಸೆದುಬಿಡಿ ಎಂದಳು.

“ಹಾಡಲ್ಲಿ ಏನು ಬರ್ದಿದ್ದಾಳಮ್ಮ?” ಎಂದು ಮೇಷ್ಟ್ರು ಕೇಳಿದರು.

“ಅವಳು ಬೇಡ ಅಂದಿದ್ದಾಳೆ, ಅಂಕಲ್.”

“ತುಂಬಾ ಬೈದಿದ್ದಾಳಾ?”

“ಎರಡು ಚರಣ ಬೈದಿದ್ದಾಳೆ. ಮೂರನೇದು ಬೇರೆ ಥರ.”

ಒಂದು ಸಾಲಾದರೂ ಹೇಳೆಂದು ಕೇಳುವ ಮಾತು ಅವರ ಬಾಯಿತನಕ ಬಂತು. ಕೇಳಲಿಲ್ಲ. ಬದುಕಿದ್ದಾಗ ಮಗಳ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದವರಿಗೆ, ಅವಳದೊಂದು ಮಾತು ನಡೆಸಿಕೊಡಲು ಸಿಕ್ಕಿದ್ದು ಇದೊಂದೇ. ಬ್ಲೇಡು ತೆಗೆದು, ಹನ್ನೊಂದನೆಯ ಹಾಡಿನ ಕೊನೆಗೆ ಆ ಪಟ್ಟಿಯನ್ನು ಒಂದಿಷ್ಟೂ ಕೊಯ್ಯದೆ ಅಂಟಿಸಿದರು. “ಹಾಡು ನಾನು ಹೋದ ಮೇಲೆ ಮಾಡಿ. ಎಣಿಕೆ ಈಗಲೇ ಇರಲಿ,” ಎಂದರು.

ಆಲ್ಬಮ್ಮು ಹೊರಬಿತ್ತು. ಪತ್ರಿಕೆಯೊಂದು ಅದರ ಶುದ್ಧವಾದ ಜೋಡಣೆಯನ್ನು ಹೊಗಳಿ ತಂಡಕ್ಕೆ ಅವಮಾನ ಮಾಡಿತು. ಉಳಿದ ಹಾಡುಗಳಿಗಿಂತ ಜನರ ಬಾಯಲ್ಲಿ ನಿಂತದ್ದು ಇಲ್ಲದ ಹನ್ನೆರಡನೆಯ ಹಾಡು. ಅದು ಯಾವಾಗ ಬರುತ್ತದೆಂದು ಕೇಳಿದವರಿಗೆಲ್ಲ ಲಿಫ್ಟಿನವನು, ಆ ಮನುಷ್ಯ ದಿನಾ ಬೆಳಿಗ್ಗೆ ಎರಡು ಮೈಲಿ ನಡೆಯುತ್ತಾರೆ, ಹೇಳುವುದು ಕಷ್ಟ ಎನ್ನುತ್ತಿದ್ದನಂತೆ.

ಒಂದು ಬೆಳಿಗ್ಗೆ ಮಂದಿರದ ಮೆಟ್ಟಿಲಿಳಿಯುವಾಗ, ಅರ್ಧ ತಲೆಗೆ ಹಸಿರು ಬಣ್ಣ ಹಚ್ಚಿದ ಯುವತಿಯೊಬ್ಬಳು ಅವರನ್ನು ತಡೆದಳು.

“ಆ ಹಾಡಿನ ಅಪ್ಪ ನೀವೇನಾ?”

“ಹೌದಮ್ಮ, ನಾನೇ.”

“ಆರೋಗ್ಯ ಹೇಗಿದೆ?”

ಕೇಳಿದ್ದು ನಿಜವಾದ ಅಕ್ಕರೆಯಿಂದಲೇ. ಮೇಷ್ಟ್ರು, ರಕ್ತದೊತ್ತಡ ಇಳಿದಿದೆ, ಡಾಕ್ಟರು ಇನ್ನು ಹತ್ತು ವರ್ಷ ಯೋಚನೆಯಿಲ್ಲ ಎಂದಿದ್ದಾರೆ ಎಂದರು. ಅವಳ ಮುಖ ಸ್ವಲ್ಪ ಸಪ್ಪಗಾಯಿತು. ಆಮೇಲೆ ಅದು ತನಗೇ ತಿಳಿದು ನಾಚಿ ಕೆಂಪಾದಳು.

“ನೀನು ಬೇಜಾರು ಮಾಡ್ಕೋಬೇಡಮ್ಮ,” ಎಂದರು ಮೇಷ್ಟ್ರು. “ನಿನಗಾದರೂ ಒಂದು ದಿನ ಡಿಸ್ಕು ಸಿಗುತ್ತೆ. ನಾನು ಅಲ್ಲಿಗೇ ಹೋಗಿ ಅವಳ ಬಾಯಿಂದಲೇ ಕೇಳ್ಬೇಕು.”

ಅವಳು ಅವರ ಕೈ ಹಿಡಿದು ರಸ್ತೆ ದಾಟಿಸಿದಳು. ಎರಡೂ ಕಡೆ ಬಹಳ ಎಚ್ಚರದಿಂದ ನೋಡಿ ದಾಟಿಸಿದಳು.