ಬಾಗಿಲು ಮುಚ್ಚಿ ಲ್ಯಾಕರ್ ಹೊಡೆದ ಕೋಣೆ

ಕುರುಗೋಡಿನ ಗಾಳಿಯಲ್ಲಿ ಧೂಳಿಲ್ಲದ ದಿನವಿಲ್ಲ. ಒಗೆದ ಬಟ್ಟೆಯ ಮೇಲೆ ಕೂತರೆ ಕೊಡವಬಹುದು. ಮರಕ್ಕೆ ಹೊಳಪು ಕೊಡುವ ಹಸಿ ಲ್ಯಾಕರ್ ಮೇಲೆ ಕೂತ ಧೂಳು ಅಲ್ಲೇ ಉಳಿದುಬಿಡುತ್ತದೆ.

ಎರ್ರಣ್ಣ ಮನೆಯಲ್ಲೇ ಒಂದು ಸಣ್ಣ ಲೇತ್ ಮಿಷನ್ ಇಟ್ಟುಕೊಂಡು ಮರ ಕಡೆಯುತ್ತಾನೆ. ಬುಗುರಿ, ಕುಂಕುಮದ ಭರಣಿ, ಪುಟ್ಟ ಹೂದಾನಿ. ಹೆಂಡತಿ ಮೂಕಮ್ಮ ಅವಕ್ಕೆ ಉಪ್ಪುಕಾಗದ ತಿಕ್ಕಿ ನುಣುಪು ಮಾಡಿ, ಡಬ್ಬಿಯಿಂದ ಲ್ಯಾಕರ್ ಸ್ಪ್ರೇ ಮಾಡುತ್ತಾಳೆ. ಈ ಬೇಸಿಗೆಯಲ್ಲಿ ಬಳ್ಳಾರಿಯ ಅಂಗಡಿಯವರು ಒಂದು ಚೀಲ ಭರಣಿ ವಾಪಸ್ ಕಳಿಸಿದರು. ಕೈಯಾಡಿಸಿದರೆ ಮೇಲೆಲ್ಲ ಮರಳು ಮರಳು.

“ಇನ್ ಮ್ಯಾಲೆ ಒಳಗ ಹೊಡಿ,” ಎಂದ ಎರ್ರಣ್ಣ. “ಕಿಟಕಿ ಮುಚ್ಚು. ಗಾಳಿ ಬಂದ್ರ ತಾನ ಧೂಳು ಬರೋದು?”

ಮೂಕಮ್ಮ ಹಿಂದಿನ ಕೋಣೆಯ ಕಿಟಕಿ ಮುಚ್ಚಿ, ಸಂದಿಗೆ ಹಳೆಯ ಸೀರೆ ತುರುಕಿದಳು. ಬಾಗಿಲು ಹಾಕಿಕೊಂಡಳು. ಆ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಹೆರಿಗೆಗೆಂದು ಸಿರುಗುಪ್ಪದಿಂದ ತವರಿಗೆ ಬಂದಿದ್ದ ಮಗಳು ಮೌನಿಕಾ ಅಲ್ಲಿ ಚಾಪೆಯ ಮೇಲೆ ಮಲಗಿರುತ್ತಿದ್ದಳು. ಅವಳಿಗೆ ಏಳು ತಿಂಗಳು.

ಮೊದಲ ದಿನ ಮೂಕಮ್ಮನಿಗೆ ತಲೆ ನೋಯಿತು. ಎರಡನೆಯ ದಿನ ಗೋಡೆಯ ಮೇಲಿದ್ದ ಹಲ್ಲಿ ಸದ್ದಿಲ್ಲದೆ ಕೆಳಗೆ ಬಿತ್ತು. ಮತ್ತೆ ಅಲುಗಲಿಲ್ಲ. ಮೂರನೆಯ ದಿನ, ಮಟಮಟ ಮಧ್ಯಾಹ್ನ, ಅವಳ ಬೆನ್ನ ಹಿಂದಿನಿಂದ ಯಾರೋ ಕರೆದರು.

“ಮೂಕೀ.”

ತಿರುಗಿ ನೋಡಿದಳು. ಯಾರೂ ಇಲ್ಲ. ಹಲಗೆಯ ಮೇಲೆ ಒಣಗಲು ಇಟ್ಟಿದ್ದ ಬುಗುರಿಗಳೆಲ್ಲ ಒಟ್ಟಿಗೆ ತಿರುಗುತ್ತಿದ್ದವು. ಸ್ವಲ್ಪವೂ ಶಬ್ದವಿಲ್ಲ. ಒಂದನ್ನು ಮುಟ್ಟಿದಳು. ಅದು ಇಟ್ಟ ಜಾಗದಲ್ಲೇ ಸುಮ್ಮನೆ ನಿಂತಿತ್ತು.

ಮೂಕಿ ಎಂದು ಕರೆಯುತ್ತಿದ್ದವಳು ಒಬ್ಬಳೇ, ಅತ್ತೆ ಯಂಕಮ್ಮ. ಅವಳು ಸತ್ತು ಆರು ವರ್ಷವಾಗಿತ್ತು.

ಗಂಡ ನಗುತ್ತಾನೆ ಅಂದುಕೊಂಡೇ ಮೂಕಮ್ಮ ಹೇಳಿದಳು. ಎರ್ರಣ್ಣ ನಗಲಿಲ್ಲ. ಲೇತ್ ಮಿಷನ್ ನಿಲ್ಲಿಸಿದ.

“ನಿನಗ ಹೇಳಿದ್ದಿಲ್ಲ,” ಎಂದ. “ಈ ಸಲದ ಬೇವಿನ ತುಂಡು ಸಿರುಗುಪ್ಪದ ಕಡಿ ಕರೂರಿಂದ ತಂದಿದ್ದು. ಭತ್ತದ ನಾಟಿಗೆ ಹೋದ ದಿನ ಅವ್ವ ನೆರಳಿಗಂತ ಕುಂತು ಮತ್ತ ಏಳಲಿಲ್ಲ ನೋಡು, ಅದ ಗಿಡ. ರಸ್ತಿ ಅಗಲ ಮಾಡಾಕ ಕಡಿದ್ರು. ನಾ ಹೊತ್ಕೊಂಡು ಬಂದೆ.”

ಮರುದಿನ ಮೂಕಮ್ಮ ಸ್ಪ್ರೇ ಮಾಡಿ ಹೊರಗೆ ಬಂದ ಕೂಡಲೇ ಅವನು ಒಳಗೆ ಹೋಗಿ ಕೂತ. ಅರ್ಧ ಗಂಟೆಯ ನಂತರ ಗೋಡೆ ಹಿಡಿದುಕೊಂಡು ಬಂದ. ಕಣ್ಣು ಕೆಂಪಗಾಗಿದ್ದವು.

“ಅವ್ವ ಬಂದಿದ್ಲು. ನೀರು ಕೇಳಿದ್ಲು.”

ಅಂದಿನಿಂದ ದಿನವೂ ಹೋಗಿ ಕೂರತೊಡಗಿದ. ಮೂಕಮ್ಮ ಒಮ್ಮೆ ಕಿಟಕಿಗೆ ಕೈ ಹಾಕಿದಾಗ ಅವಳ ಕೈ ಹಿಡಿದ. “ತೆಗೀಬ್ಯಾಡ. ತೆಗೆದ್ರ ಅವ್ವ ಹೋಗ್ತಾಳ.”

ಒಂದು ಶುಕ್ರವಾರ ಮೌನಿಕಾ ಎರಡು ಸಲ ವಾಂತಿ ಮಾಡಿಕೊಂಡಳು. ಚಾಪೆಯ ಮೇಲಿಂದ ತಲೆ ಎತ್ತಲಾಗದೆ ಕೇಳಿದಳು: “ಅವ್ವಾ, ಪರದೆ ಹಿಂದ ಯಾರು ನಿಂತಾರ?”

ಪರದೆಯ ಹಿಂದೆ ಯಾರೂ ಇರಲಿಲ್ಲ.

“ಕೂಸು ಮುಂಜಾನಿಂದ ಅಲುಗಾಡಿಲ್ಲವ್ವ,” ಎಂದಳು ಮೌನಿಕಾ.

ಮೂಕಮ್ಮ ತಮ್ಮನಿಗೆ ಫೋನ್ ಮಾಡಿದಳು. ಚಂದ್ರಣ್ಣ ಬಳ್ಳಾರಿಯ ಕೌಲ್ ಬಜಾರಿನ ಒಂದು ಶೆಡ್‌ನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಾನೆ. ಆಟೋ ಮಾಡಿಕೊಂಡು ತಕ್ಷಣ ಹೊರಟ.

ಅವನು ಬರುವಷ್ಟರಲ್ಲಿ ಎರ್ರಣ್ಣ ಧೂಪದ ಬಟ್ಟಲಿಗೆ ಕೆಂಡ ಹಾಕಿ, ತಂಬಿಗೆಯಲ್ಲಿ ನೀರು ಹಿಡಿದು ಹಿಂದಿನ ಕೋಣೆಯ ಕಡೆ ಹೊರಟಿದ್ದ. ತಾಯಿಗೆ ಸಾಂಬ್ರಾಣಿ ಹಾಕಿ, ನೀರಿಟ್ಟರೆ ಮಗಳನ್ನು ಕಾಯುತ್ತಾಳೆ ಎಂಬುದು ಅವನ ನಂಬಿಕೆ. ಅಂಗಳಕ್ಕೆ ಕಾಲಿಟ್ಟ ಚಂದ್ರಣ್ಣನಿಗೆ ವಾಸನೆ ಮೂಗಿಗೆ ಬಡಿಯಿತು.

“ಮಾಮ, ನಿಂದ್ರು. ಬಾಗಿಲ ತೆಗೀಬ್ಯಾಡ.”

ಓಡಿ ಬಂದು ತೋಳು ಹಿಡಿದು ಎಳೆದ. ಬಟ್ಟಲಿನಿಂದ ಒಂದು ಕೆಂಡ ಹಾರಿ, ಲ್ಯಾಕರ್ ಕರಗಿಸುವ ಥಿನ್ನರ್‌ನಲ್ಲಿ ಅದ್ದಿ ಮೂಕಮ್ಮ ಕೈ ಒರೆಸಿ ಅಂಗಳಕ್ಕೆ ಎಸೆದಿದ್ದ ಬಟ್ಟೆಯ ಮೇಲೆ ಬಿತ್ತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಚಿಂದಿ ಬಟ್ಟೆಯಿಂದ ಎದೆಯೆತ್ತರ ಬೆಂಕಿ ಎದ್ದಿತು. ಚಂದ್ರಣ್ಣ ಕಾಲಿನಿಂದ ಮಣ್ಣು ದೂಡಿ ಆರಿಸಿದ.

“ಒಂದು ಚಿಂದಿ ಅರಿವಿಗೆ ಇಷ್ಟು ಬೆಂಕಿ,” ಎಂದ. “ಆ ಕೋಣಿ ತುಂಬ ಅದರ ಆವಿ ಐತಿ. ಕೆಂಡ ಒಳಗ ಹೋಗಿದ್ರ ಇವತ್ತು ಮೂರೂ ಮಂದಿ ಇರ್ತಿದ್ದಿಲ್ಲ.”

ಎರ್ರಣ್ಣನ ಕೈಯಿಂದ ಬಟ್ಟಲು ತೆಗೆದುಕೊಂಡು ಬೀದಿಯಾಚೆ ಇಟ್ಟು ನೀರು ಸುರಿದ. ಮೌನಿಕಾಳನ್ನು ಎತ್ತಿ ಹೊರಗೆ ತಂದರು. ಕಿಡಿ ಹಾರೀತೆಂದು ಲೈಟು, ಫ್ಯಾನಿನ ಸ್ವಿಚ್ ಯಾವುದನ್ನೂ ಮುಟ್ಟದೆ ಕಿಟಕಿ ಬಾಗಿಲು ಎಲ್ಲ ತೆಗೆದರು. ಅದೇ ಆಟೋದಲ್ಲಿ ಆಸ್ಪತ್ರೆಗೆ ಹೋದರು.

ಡಾಕ್ಟರು ಹೊಟ್ಟೆಯ ಮೇಲೆ ಯಂತ್ರವಿಟ್ಟು ಬಹಳ ಹೊತ್ತು ಕೇಳಿದರು. ಕೊನೆಗೆ ಆ ಸಣ್ಣ ಎದೆಬಡಿತ ಎಲ್ಲರಿಗೂ ಕೇಳಿಸಿತು. ಎರಡು ದಿನ ಅಲ್ಲೇ ಇಟ್ಟುಕೊಂಡು ನೋಡಿದರು. ಹೆರಿಗೆಯಾಗುವ ತನಕ ಆ ವಾಸನೆಯ ಹತ್ತಿರ ಸುಳಿಯಬಾರದು ಎಂದು ಹೇಳಿ ಕಳಿಸಿದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಎರ್ರಣ್ಣ ಮೆಲ್ಲಗೆ ಕೇಳಿದ. “ಹಂಗಾರ ನನ್ನ ಕರೆದಾಕಿ ನಮ್ಮವ್ವ ಅಲ್ಲೇನು?”

“ನನ್ನೂ ಕರೆದಾರ ಮಾಮ,” ಎಂದ ಚಂದ್ರಣ್ಣ. “ಹೊಸದಾಗಿ ಕೆಲಸಕ್ಕ ಸೇರಿದಾಗ ಬಸ್ಸಿನ ಒಳಗ ಬಾಗಿಲ ಹಾಕ್ಕೊಂಡು ಬಣ್ಣ ಹೊಡೀತಿದ್ದೆ. ಹಿಂದಿನ ಸೀಟಿನಾಗ ಮಂದಿ ಕುಂತು ಮಾತಾಡೋದು ಕೇಳ್ತಿತ್ತು. ಲ್ಯಾಕರ್, ಥಿನ್ನರ್ ಆವಿ ತಲಿಗೇರಿದ್ರ ಹಂಗ. ಇಲ್ಲದ್ದು ಕಾಣ್ತೈತಿ, ಕೇಳ್ತೈತಿ. ಇನ್ನಷ್ಟು ಹೊತ್ತು ಇದ್ರ ಎಚ್ಚರ ತಪ್ಪಿ ಬೀಳ್ತೀವಿ. ಆ ಆವಿ ಗಾಳಿಗಿಂತ ಭಾರ, ನೆಲದ ಮ್ಯಾಲೇ ಹರಿತೈತಿ. ಅದಕ್ಕ ಚಾಪಿ ಮ್ಯಾಲೆ ಮಲಗಿದ ಹುಡುಗಿಗೆ ಜಾಸ್ತಿ ಬಡಿದಿದ್ದು.”

“ನಾ ಮೂಗಿಗೆ ಸೆರಗು ಕಟ್ಕೊಂಡಿದ್ದೆ,” ಎಂದಳು ಮೂಕಮ್ಮ.

“ಸೆರಗು ಧೂಳು ತಡಿತೈತಿ ಅಕ್ಕ, ಆವಿ ತಡಿಯಲ್ಲ. ಅದಕ್ಕ ಇದ್ದಿಲು ತುಂಬಿದ ಡಬ್ಬಿ ಇರೋ ಮಾಸ್ಕ್ ಬೇಕು.”

ಮನೆಗೆ ಬಂದ ಮೇಲೆ ಎರ್ರಣ್ಣ ತೆರೆದ ಕಿಟಕಿಯ ಬಳಿ ಒಬ್ಬನೇ ಕೂತ. ಮೂರು ದಿನ ಕೂತ. ಯಾರೂ ಕರೆಯಲಿಲ್ಲ. ತಾಯಿಯನ್ನು ಎರಡನೆಯ ಸಲ ಮಣ್ಣು ಮಾಡಿ ಬಂದವನಂತೆ ಅತ್ತ. ನಾಲ್ಕನೆಯ ದಿನ ತಾನೇ ಸಾಮಾನನ್ನೆಲ್ಲ ಅಂಗಳಕ್ಕೆ ಸಾಗಿಸಿದ.

“ಧೂಳಿಗೆ ಏನು ಮಾಡೋದಪ?” ಎಂದು ಮೈದುನನನ್ನು ಕೇಳಿದ.

ಮೌನಿಕಾಳನ್ನು ತನ್ನ ಮನೆಯಲ್ಲಿ ಬಿಟ್ಟು ಬಂದಿದ್ದ ಚಂದ್ರಣ್ಣ, ಅಕ್ಕನಿಗೆ ಇದ್ದಿಲು ಡಬ್ಬಿಯ ಮಾಸ್ಕ್ ಹಾಕಿಸಿ ತೋರಿಸಿಕೊಟ್ಟ. ಮುಂಜಾನೆ, ಗಾಳಿ ಏಳುವ ಮೊದಲು, ಅಂಗಳಕ್ಕೆ ನೀರು ಚಿಮುಕಿಸಿದರು. ದೊಡ್ಡ ರಟ್ಟಿನ ಡಬ್ಬವನ್ನು ಬಾಯಿ ತಮ್ಮ ಕಡೆ ಬರುವಂತೆ ಅಡ್ಡ ಮಲಗಿಸಿ ಒಳಗೆ ಭರಣಿ ಇಟ್ಟರು. ಇದ್ದ ಮೆಲುಗಾಳಿ ಬೆನ್ನ ಹಿಂದಿನಿಂದ ಓರೆಯಾಗಿ ಬೀಸಿ ಆವಿಯನ್ನು ಆಚೆ ಒಯ್ಯುವಂತೆ ನಿಂತರು. ಸ್ಪ್ರೇ ಡಬ್ಬಿಯನ್ನು ಒಂದು ನಿಮಿಷ ಚೆನ್ನಾಗಿ ಕುಲುಕಿ, ಒಂದು ಗೇಣು ದೂರದಿಂದ, ಕೈ ನಿಲ್ಲಿಸದೆ ಹೊಡೆದರು.

“ಒಮ್ಮೆಗೇ ದಪ್ಪ ಹೊಡಿಬ್ಯಾಡಕ್ಕ, ಇಳಿದು ಬಿಡ್ತೈತಿ. ತೆಳ್ಳಗ ಹೊಡಿ, ಒಣಗಲಿ, ಮತ್ತ ಹೊಡಿ. ಮಳಿ ತಂಪು ಇದ್ದಾಗ ಹೊಡಿಬ್ಯಾಡ, ಬೆಳ್ಳಗಾಗ್ತೈತಿ.”

ಹೊಡೆದ ಮೇಲೆ ಇನ್ನೊಂದು ರಟ್ಟಿನ ಡಬ್ಬ ಬೋರಲು ಮುಚ್ಚಿದರು. ಮೂರು ಸಲ ಹೊಡೆದು ಒಣಗಿಸಿದ ಭರಣಿಯಲ್ಲಿ ಮೂಕಮ್ಮನಿಗೆ ತನ್ನ ಮುಖ ಕಂಡಿತು. ಒಂದು ಕಣ ಧೂಳಿರಲಿಲ್ಲ. ಬಳ್ಳಾರಿಯ ಅಂಗಡಿಯವರು ಈ ಸಲ ಚೀಲ ವಾಪಸ್ ಕಳಿಸಲಿಲ್ಲ. ಮೌನಿಕಾಳಿಗೆ ದಿನ ತುಂಬಿ ಹೆಣ್ಣು ಮಗು ಹುಟ್ಟಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಮನೆಯಲ್ಲಿ ಲ್ಯಾಕರ್, ಪಾಲಿಶ್, ಸ್ಪ್ರೇ ಬಣ್ಣ ಹೊಡೆಯುತ್ತೀರೇನು? ಮುಚ್ಚಿದ ಕೋಣೆಯಲ್ಲಿ ಹೊಡೆಯಬೇಡಿ. ಒಲೆ, ದೀಪ, ಬೀಡಿ ಹತ್ತಿರ ಬೇಡ. ಬಸುರಿಯರನ್ನೂ ಮಕ್ಕಳನ್ನೂ ದೂರವಿಡಿ. ಖಾಲಿ ಡಬ್ಬಿಯನ್ನು ಒಲೆಗೆ ಹಾಕಬೇಡಿ, ಸಿಡಿಯುತ್ತದೆ. ತಲೆ ತಿರುಗಿದರೆ ಕೆಲಸ ಬಿಟ್ಟು ತಕ್ಷಣ ಬಯಲಿಗೆ ಬನ್ನಿ, ಆಮೇಲೂ ಹಗುರಾಗದಿದ್ದರೆ ಆಸ್ಪತ್ರೆಗೆ ಹೋಗಿ. ನಿಮ್ಮ ಓಣಿಯಲ್ಲಿ ಈ ಕೆಲಸ ಮಾಡುವವರು ಇನ್ನೂ ಯಾರಿದ್ದಾರೆ, ನೆನಪು ಮಾಡಿಕೊಳ್ಳಿ. ಇವತ್ತೇ ಹೋಗಿ ಅವರಿಗೂ ಹೇಳಿ ಬನ್ನಿ.