ಎರಡು ನೀಲಿ ಗೆರೆಗಳ ನಡುವೆ

2025ರ ಏಪ್ರಿಲ್ 13, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಹೀಥ್ರೂ ಹತ್ತಿರದ ಹೇಸ್‌ನ ಹಳೇ ಐಸ್ ರಿಂಕಿನ ಮೇಲಿನ ಸಾಲಿನಲ್ಲಿ, ಎರಡು ಸ್ವೆಟರಿನ ಮೇಲೊಂದು ಕೋಟು ತೊಟ್ಟು ಕೂತಿದ್ದ ನಿಜಲಿಂಗಪ್ಪನಿಗೆ ತನ್ನ ಲೆಕ್ಕವೇ ನಂಬಿಕೆಗೆ ಬರುತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಶಿಶಿರ್ ಎಂಬ ಹದಿನೇಳರ ಹುಡುಗನ ಹೆಸರಿನ ಎದುರು 30.3 ಎಂದಿತ್ತು. ಗಂಟೆಗೆ ಮೂವತ್ತು ಕಿಲೋಮೀಟರು, ಮೇಲೆ ಚಿಲ್ಲರೆ. ಬೇಸಿಗೆ ಶಿಬಿರಕ್ಕೆ ಕರೆ ಬರಬೇಕಾದರೆ ಮೂವತ್ಮೂರು ದಾಟಿರಬೇಕು. ಈ ವರ್ಷ ತಪ್ಪಿದರೆ ಹುಡುಗನ ವಯಸ್ಸು ಮೀರುತ್ತದೆ, ಇನ್ನೊಂದು ಅವಕಾಶವಿಲ್ಲ. ಎಲ್ಲರ ವೇಗದ ಪಟ್ಟಿಯನ್ನು ಸಂಘಟಕರಿಗೆ ಕಳಿಸಲು ಮಧ್ಯಾಹ್ನ ಎರಡರವರೆಗೆ ಸಮಯವಿತ್ತು.

ಎಂಟು ದೇಶಗಳ ಕಿರಿಯರ ಐಸ್ ಹಾಕಿ ಪಂದ್ಯಾವಳಿ ಅದು. ಯಾರು ಮುಂದೆ ಬೆಳೆಯುವ ಆಟಗಾರರು ಎಂದು ಗುರುತಿಸಲು ಬಂದ ಸ್ಕೌಟ್‌ಗಳೆಲ್ಲ ಕಣ್ಣಿನಿಂದ ಅಳೆಯುತ್ತಿದ್ದರು. ನಿಜಲಿಂಗಪ್ಪ ಅಳೆಯುತ್ತಿದ್ದುದು ಕ್ಯಾಮೆರಾದಿಂದ. ಹಿಮದ ಮೇಲೆ ಅಡ್ಡಡ್ಡಲಾಗಿ ಎರಡು ನೀಲಿ ಗೆರೆಗಳಿರುತ್ತವೆ. ಹುಡುಗ ಒಂದು ಗೆರೆ ದಾಟಿ ಇನ್ನೊಂದನ್ನು ಮುಟ್ಟುವವರೆಗೆ ಎಷ್ಟು ಹೊತ್ತು ಹಿಡಿಯಿತೆಂದು ವಿಡಿಯೋದಲ್ಲಿ ನೋಡಿ, ಗೆರೆಗಳ ನಡುವಿನ ಅಂತರವನ್ನು ಆ ಹೊತ್ತಿನಿಂದ ಭಾಗಿಸಿದರೆ ವೇಗ ಸಿಗುತ್ತಿತ್ತು.

ವಿಜಯಪುರದ ಈ ಮನುಷ್ಯ ಭೌತಶಾಸ್ತ್ರ ಓದಿ, ವಾರದ ದಿನಗಳಲ್ಲಿ ಹೀಥ್ರೂ ಪಕ್ಕದ ಗೋದಾಮುಗಳ ತೂಕದ ಯಂತ್ರಗಳನ್ನು ಸರಿಹೊಂದಿಸುವವನು. ಮಗಳು ಅಂಕಿತಾ ಒಂಬತ್ತನೇ ವಯಸ್ಸಿನಲ್ಲಿ ಸ್ಕೇಟಿಂಗ್ ಕಲಿಯುತ್ತೇನೆಂದು ಹಟ ಹಿಡಿದಾಗ ಮೊದಲ ಸಲ ರಿಂಕಿಗೆ ಕಾಲಿಟ್ಟಿದ್ದ. ಅವಳು ಎರಡೇ ವರ್ಷದಲ್ಲಿ ಸ್ಕೇಟಿಂಗ್ ಬಿಟ್ಟು ಡ್ರಮ್ಸ್ ಹಿಡಿದಳು. ಅಪ್ಪ ರಿಂಕು ಬಿಡಲಿಲ್ಲ, ವಾರಾಂತ್ಯಕ್ಕೆ ಆಟಗಾರರ ವೇಗ ಅಳೆದು ಪಟ್ಟಿ ಮಾಡುವವನಾದ.

“ಏನು ಟೈಲರ್, ಮುಖ ಯಾಕೆ ಹಾಗಿದೆ? ಅಂಗಿ ಬಿಗಿಯಾಯಿತಾ?” ಎನ್ನುತ್ತಾ ಪಕ್ಕಕ್ಕೆ ಬಂದು ಕೂತವನು ಟೆರ್ರಿ. ಎಪ್ಪತ್ತರ ಹತ್ತಿರದ ಸ್ಕೌಟ್, ಮಂಡಿ ಎರಡೂ ಹೋಗಿದ್ದವು, ನಾಲಿಗೆ ಮಾತ್ರ ಚುರುಕು. ನಿಜಲಿಂಗಪ್ಪನ ಚೀಲದಲ್ಲಿ ಸದಾ ಒಂದು ಉಕ್ಕಿನ ಟೇಪು ಇರುವುದನ್ನು ಕಂಡು ಅವನಿಗೆ ಟೈಲರ್ ಎಂದು ಹೆಸರಿಟ್ಟವನೂ ಇವನೇ.

“ಬ್ರಿಟನ್ ತಂಡದ ಹನ್ನೊಂದನೇ ನಂಬರು. ಕಣ್ಣಿಗೆ ವೇಗ ಕಾಣುತ್ತೆ, ಲೆಕ್ಕದಲ್ಲಿ ಬರ್ತಿಲ್ಲ.”

“ಅಂದರೆ ಶಿಶಿರ್, ನಿಮ್ಮ ಕಡೆಯ ಹುಡುಗ.” ಟೆರ್ರಿ ಕಣ್ಣು ಕಿರಿದು ಮಾಡಿದ. “ಅವರ ಮನೆ ಹಬ್ಬದ ಊಟ ಉಂಡಿದ್ದೀನಿ ಅಂತ ನೀನೇ ಮೊದಲ ದಿನ ಹೇಳಿದ್ದೆ. ಹೊಟ್ಟೆ ತುಂಬಿದವನ ಕಣ್ಣಿಗೆ ಎಲ್ಲರೂ ಓಡ್ತಾರಪ್ಪ.”

ಚುಚ್ಚಿದ್ದು ಸುಮ್ಮನೆ ಚುಚ್ಚಿದ್ದಾಗಿರಲಿಲ್ಲ. ಯುಗಾದಿಗೆ ಕಿಂಗ್ಸ್‌ಬರಿಯ ಆ ಮನೆಯಲ್ಲಿ ಹೋಳಿಗೆ ಉಂಡಿದ್ದು ನಿಜ. ಹಾಗಾಗಿಯೇ ‘ನನ್ನ ಕಣ್ಣಿಗೆ ಹಾಗೆ ಕಂಡಿತು’ ಎಂಬ ಮಾತನ್ನು ಶಿಶಿರನ ಪರವಾಗಿ ಬರೆಯುವ ಹಕ್ಕು ತನಗಿಲ್ಲ ಎಂದು ನಿಜಲಿಂಗಪ್ಪ ತೀರ್ಮಾನಿಸಿಕೊಂಡಿದ್ದ.

ಅಷ್ಟರಲ್ಲಿ ಶಿಶಿರನ ತಾಯಿ ಮೈತ್ರೇಯಿ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಮೈಸೂರಿನವಳು, ಮಾತಿನಲ್ಲಿ ಊರಿನ ಮೆದುತನ ಇನ್ನೂ ಹೋಗಿರಲಿಲ್ಲ.

“ಏನ್ ಸಾರ್, ಮೂರು ದಿನದಿಂದ ಕರೀತಿದೀನಿ, ಒಂದು ಲೋಟ ಟೀ ಕುಡಿಯಲ್ಲ ಅಂತೀರಲ್ಲ. ಶುಂಠಿ ಹಾಕಿದೀನಿ.”

“ಬ್ಯಾಡ್ರೀ ಅಕ್ಕಾವ್ರ. ಪಟ್ಟಿ ಹೋಗೂತನಾ ನಾವು ತಾಯಿ-ತಂದಿ ಕೈಯಾಗಿನ ಚಹಾ ಕುಡಿಯಂಗಿಲ್ರೀ. ಇಲ್ಲಿ ಪದ್ಧತಿ ಹಂಗೈತಿ.”

“ಟೀಗೂ ಪದ್ಧತಿನಾ!” ಎಂದು ನಕ್ಕು ಫ್ಲಾಸ್ಕಿನ ಮುಚ್ಚಳವನ್ನು ಮತ್ತೆ ಬಿಗಿಯಾಗಿ ತಿರುಗಿಸಿದಳು. “ರಾತ್ರಿಯಿಡೀ ಅವನೂ ಮಲಗಿಲ್ಲ, ನಾನೂ ಮಲಗಿಲ್ಲ. ಏನೂ ಕೇಳಲ್ಲ ಸಾರ್, ಹೋಗ್ತೀನಿ.”

ಅವಳು ಇಳಿದು ಹೋದ ಮೇಲೆ ನಿಜಲಿಂಗಪ್ಪ ಲ್ಯಾಪ್‌ಟಾಪಿನತ್ತ ತಿರುಗಿದ. ಶಿಶಿರನನ್ನು ನೋಡುವುದು ಬೇಡ, ಬೇರೆ ಯಾರನ್ನಾದರೂ ನೋಡೋಣ ಎಂದುಕೊಂಡು ಲಾಟ್ವಿಯಾದ ಯಾನಿಸ್ ಎಂಬ ಹುಡುಗನ ಸಾಲಿಗೆ ಹೋದ. ಹೋದ ತಿಂಗಳು ರೀಗಾದಲ್ಲಿ ಅವನ ವೇಗ 36.4 ಎಂದು ದಾಖಲಾಗಿತ್ತು. ಇಲ್ಲಿ 32. ಆ ಹುಡುಗನ ಮನೆಯಲ್ಲಿ ತಾನು ಹೋಳಿಗೆ ಉಂಡಿರಲಿಲ್ಲ. ಅವನ ತಾಯಿ ಯಾರೆಂದೂ ಗೊತ್ತಿರಲಿಲ್ಲ.

ಬೆನ್ನು ನೆಟ್ಟಗಾಯಿತು. ಇನ್ನೊಬ್ಬನನ್ನು ನೋಡಿದ, ಮತ್ತೊಬ್ಬನನ್ನು ನೋಡಿದ. ಎ ಗುಂಪಿನ ನಾಲ್ಕು ತಂಡಗಳು ಇಲ್ಫರ್ಡಿನ ಹೊಸ ರಿಂಕಿನಲ್ಲಿ ಆಡುತ್ತಿದ್ದವು, ಬಿ ಗುಂಪಿನ ನಾಲ್ಕು ಇಲ್ಲಿ. ಬಿ ಗುಂಪಿನವರೆಲ್ಲ ಎ ಗುಂಪಿನವರಿಗಿಂತ ನಿಧಾನ, ಅದೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಎಂಬತ್ತು ಹುಡುಗರು ಮಾತಾಡಿಕೊಂಡು ಒಟ್ಟಿಗೇ ಸೋಮಾರಿಗಳಾಗುವುದಿಲ್ಲ. ಹಿಮ ಮೆತ್ತಗಿದ್ದರೂ ಇಷ್ಟೊಂದು ವ್ಯತ್ಯಾಸ ಬಾರದು. ಕ್ಯಾಮೆರಾ ಅದೇ, ಕೈ ಅದೇ. ಉಳಿದದ್ದು ಅಂತರ.

ಇಲ್ಫರ್ಡಿನಲ್ಲಿ ಗೆರೆಗಳ ನಡುವೆ ಟೇಪು ಹಿಡಿದು ತಾನೇ ಅಳೆದಿದ್ದ: ಹದಿನೈದು ಮೀಟರ್ ಇಪ್ಪತ್ನಾಲ್ಕು ಸೆಂಟಿಮೀಟರ್, ನಿಯಮದಲ್ಲಿದ್ದಂತೆಯೇ. ಅಲ್ಲಿಂದ ಇಲ್ಲಿಗೆ ಬರುವಾಗ ಎಲಿಜಬೆತ್ ಲೈನ್ ರೈಲು ದಾರಿಯಲ್ಲೇ ನಿಂತುಬಿಟ್ಟಿತ್ತು. ಮುಟ್ಟುವಷ್ಟರಲ್ಲಿ ಆಟ ಶುರುವಾಗಿತ್ತು. ಗೆರೆ ಎಂದರೆ ಗೆರೆ, ಎಲ್ಲಿಯದಾದರೇನು ಎಂದು ಆ ಅಂಕಿಯನ್ನೇ ಇಲ್ಲಿಗೂ ಹಾಕಿದ್ದ. ಬೇರೆಯವರ ತಕ್ಕಡಿಯನ್ನು ಮುಟ್ಟಿ ನೋಡದೆ ನಂಬದವನು!

ಯಾನಿಸ್ ಇಲ್ಲಿಯೂ 36.4ರಲ್ಲೇ ಓಡಿದ್ದರೆ ಗೆರೆಗಳ ನಡುವೆ ಎಷ್ಟಿರಬೇಕು? ಗುಣಿಸಿ ಭಾಗಿಸಿದ. ಹದಿನೇಳು ಮೀಟರಿನ ಮೇಲೆ ಮೂವತ್ತಮೂರು ಸೆಂಟಿಮೀಟರ್ ಬಂತು.

“ಟೆರ್ರಿ, ಏಳು. ಟೇಪಿನ ಒಂದು ತುದಿ ಹಿಡೀಬೇಕು.”

“ಹಿಮದ ಮೇಲಾ? ಈ ಮಂಡಿಯಲ್ಲಾ? ನನ್ನ ಹೆಂಡತಿ ನಿನ್ನ ಮೇಲೆ ಕೇಸ್ ಹಾಕ್ತಾಳೆ.” ಹಾಗಂದರೂ ಎದ್ದ.

ಆಟ ಮುಗಿದು, ಹಿಮ ನಯಮಾಡುವ ಗಾಡಿ ಇಳಿಯುವ ಮೊದಲು ಐದು ನಿಮಿಷ ಕೇಳಿಕೊಂಡು ಇಬ್ಬರೂ ಬೂಟುಗಾಲಿನಲ್ಲೇ ಒಳಗೆ ಇಳಿದರು. ಟೆರ್ರಿ ಒಂದು ನೀಲಿ ಗೆರೆಯ ಅಂಚಿನಲ್ಲಿ ಟೇಪಿನ ತುದಿ ಒತ್ತಿ ಬಗ್ಗಿದ. ನಿಜಲಿಂಗಪ್ಪ ಬಾತುಕೋಳಿಯಂತೆ ಹೆಜ್ಜೆ ಹಾಕುತ್ತಾ, “ಜಾರಬ್ಯಾಡಪಾ ನನ ದೇವರ, ಜಾರಬ್ಯಾಡ” ಎಂದು ತನ್ನ ಕಾಲಿಗೇ ಹೇಳಿಕೊಳ್ಳುತ್ತಾ ಇನ್ನೊಂದು ಗೆರೆ ಮುಟ್ಟಿದ. ಮಂಡಿಯೂರಿ ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. 17.33. ಚಳಿಗೆ ಉಕ್ಕಿನ ಟೇಪು ಒಂದೈದು ಮಿಲಿಮೀಟರು ಕುಗ್ಗಿರಬಹುದು. ಹುಟ್ಟಿದ ಮೇಲೆ ಮೊದಲ ಸಲ, ಇರಲಿ ಬಿಡು ಎಂದುಕೊಂಡ.

ಅಂಕಿ ಕೇಳಿದ ಟೆರ್ರಿ ಸೊಂಟ ಹಿಡಿದುಕೊಂಡೇ ನಕ್ಕ. “ಅಯ್ಯೋ, ಹಳೇ ನಿಯಮ! ನಾನು ಇಲ್ಲಿ ಆಡ್ತಿದ್ದಾಗ ಎರಡು ಗೋಲಿನ ನಡುವಿನ ಜಾಗವನ್ನು ಮೂರು ಸಮಪಾಲು ಮಾಡ್ತಿದ್ರು. ಮಧ್ಯದ ಪಾಲು ಈಗಿನದಕ್ಕಿಂತ ದೊಡ್ಡದಿರ್ತಿತ್ತು. ಇವರು ಇನ್ನೂ ಹಾಗೇ ಬಣ್ಣ ಹೊಡೀತಿದ್ದಾರೆ ನೋಡು.”

“ಮೊದಲೇ ಹೇಳೋಕೇನಾಗಿತ್ತು?”

“ನೀನು ಕೇಳಲಿಲ್ಲವಲ್ಲ, ಟೈಲರ್. ಅಳತೆ ನಿನ್ನ ಕಸುಬು.”

ಮೇಲೆ ಬಂದು ಕೂತು ಒಂದೇ ಒಂದು ಅಂಕಿ ಬದಲಿಸಿದ. ಎಂಬತ್ತು ಹೆಸರುಗಳ ಎದುರು ಎಂಬತ್ತು ವೇಗಗಳು ಒಟ್ಟಿಗೆ ಮೇಲೇರಿದವು. ಯಾನಿಸ್ ರೀಗಾದಲ್ಲಿದ್ದಲ್ಲಿಗೇ ಬಂದು ನಿಂತ. ಶಿಶಿರನ ಸಾಲನ್ನು ನಿಜಲಿಂಗಪ್ಪ ಬೇಕೆಂದೇ ಕೊನೆಗೆ ನೋಡಿದ. ನೋಡಿ, ಕಣ್ಣು ಮುಚ್ಚಿ, ಉಸಿರು ಬಿಟ್ಟ. ಎದೆಯ ಮೇಲಿಂದ ಯಾರೋ ಜೋಳದ ಮೂಟೆ ಇಳಿಸಿದಂತಾಯಿತು. ಹಳೆಯ ಅಂತರ ಎಲ್ಲಿ ತಪ್ಪಿತ್ತು, ಹೊಸದನ್ನು ಯಾರ ಎದುರು ಅಳೆಯಲಾಯಿತು ಎಂದು ನಾಲ್ಕು ಸಾಲು ಬರೆದು, ಸಾಕ್ಷಿಯಾಗಿ ಟೆರ್ರಿಯ ಹೆಸರು ಸೇರಿಸಿ, ಪಟ್ಟಿ ಕಳಿಸಿದ. ಮಧ್ಯಾಹ್ನ ಒಂದು ಗಂಟೆ ಇನ್ನೂ ಆಗಿರಲಿಲ್ಲ.

ಆಮೇಲೆ ಕೆಳಗಿಳಿದು ಹೋದ. ಮೈತ್ರೇಯಿ ಗಾಜಿನ ಗೋಡೆಗೆ ಹಣೆ ಆನಿಸಿ ನಿಂತಿದ್ದಳು. ಪಕ್ಕದಲ್ಲಿ ಶಿಶಿರ್, ಸ್ಕೇಟ್ಸ್ ಕಳಚದೆ ಬೆಂಚಿನ ಮೇಲೆ ಕುಸಿದಿದ್ದ.

“ಅಕ್ಕಾವ್ರ, ಚಹಾ ಉಳದೈತೇನ್ರೀ?”

ಅವಳು ಸರಕ್ಕನೆ ತಿರುಗಿದಳು. “ಪಟ್ಟಿ ಹೋಯ್ತಾ ಸಾರ್? ಒಳ್ಳೇದಾ, ಕೆಟ್ಟದಾ?”

“ನಾ ಹೇಳಾಂಗಿಲ್ರೀ, ಎರಡಕ್ಕ ಪರದೆ ಮ್ಯಾಲ ಬರ್ತೈತಿ.” ಲೋಟ ಚಾಚಿ ನಿಂತ. ನಗು ತಡೆಯಲು ಎಷ್ಟು ತುಟಿ ಬಿಗಿದರೂ ಮೀಸೆ ಕೇಳಲಿಲ್ಲ. “ಸಕ್ಕರಿ ಮಾತ್ರ ಒಂದೀಟ ಜಾಸ್ತಿ ಹಾಕ್ರಿ.”

“ಅಂಕಲ್, ಯು ಆರ್ ಸೋ ಬ್ಯಾಡ್ ಅಟ್ ದಿಸ್” ಎಂದ ಶಿಶಿರ್, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು.

ಮೈತ್ರೇಯಿ ಸುರಿದ ಚಹಾ ಅರ್ಧ ಲೋಟಕ್ಕೆ ಬಿತ್ತು, ಅರ್ಧ ನಿಜಲಿಂಗಪ್ಪನ ಕೋಟಿನ ತೋಳಿಗೆ. ಶುಂಠಿ ಸ್ವಲ್ಪ ಹೆಚ್ಚೇ ಆಗಿತ್ತು. ಆ ಚಳಿಗೆ ಅದು ಹಿತವಾಗಿತ್ತು.

ಎರಡು ಗಂಟೆಗೆ ಪರದೆಯ ಮೇಲೆ ಶಿಬಿರಕ್ಕೆ ಕರೆ ಬಂದವರ ಹೆಸರುಗಳು ಬಂದವು. ಮೇಲಿನಿಂದ ಒಂಬತ್ತನೆಯದು ಶಿಶಿರ್, ಬ್ರಿಟನ್, ಗಂಟೆಗೆ 34.5 ಕಿಲೋಮೀಟರ್.