ಸೌತ್ ಪೆರೇಡಿನ ಐದನೆಯವನು

ಹಳೇಬೀಡಿನ ಕೆರೆಯ ಬದಿಯಲ್ಲಿ ಸಿರಿ ನಡೆಸುವ ಅತಿಥಿಗೃಹದಲ್ಲಿ ಒಂದು ರೆಕಾರ್ಡ್ ಪ್ಲೇಯರ್ ಇತ್ತು. ದೇವಸ್ಥಾನ ನೋಡಿ ದಣಿದು ಬಂದವರು ಕೂತು ಹಳೆಯ ಹಾಡು ಕೇಳಲಿ ಎಂದು ಇಟ್ಟಿದ್ದಳು. ಆ ಭಾನುವಾರ ಕೋಣೆಗಳೆಲ್ಲ ಖಾಲಿ. ಅರಸೀಕೆರೆಯಿಂದ ಅಪ್ಪ ಅಮ್ಮನನ್ನು ಊಟಕ್ಕೆ ಕರೆಸಿಕೊಂಡಿದ್ದಳು. ಊಟ ಮುಗಿದ ಮೇಲೆ ಅಪ್ಪನ ಕೈಗೆ ಒಂದು ಚೌಕದ ಪೊಟ್ಟಣ ಕೊಟ್ಟು, "ಬಿಚ್ಚಿ ನೋಡಪ್ಪ" ಅಂದಳು.

ಇಂದ್ರೇಶನಿಗೆ ಅರವತ್ತೆಂಟು ದಾಟಿತ್ತು. ಅಪ್ಪನಿಂದ ಬಂದ ಕೊಬ್ಬರಿ ಮಂಡಿಯನ್ನು ನಡೆಸಿಕೊಂಡು ಬಂದವನು. ಆದರೆ ಬೆಂಗಳೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ಅವನು 'ಸೌತ್ ಪೆರೇಡ್' ಎಂಬ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಐದು ಜನ ಹುಡುಗರು, ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟ್ ಕಡೆಯ ಹೋಟೆಲುಗಳಲ್ಲಿ ಫಂಕ್ ನುಡಿಸುತ್ತಿದ್ದರು. ಮಾತಿಗಿಂತ ತಾಳವೇ ಮುಂದಿರುವ ಸಂಗೀತ ಅದು. ಕೂತವರ ಕಾಲು ತಾನಾಗಿ ಅಲ್ಲಾಡಬೇಕು. ಆಮೇಲೆ ಒಂದು ಸಲ ಕಾಮಾಲೆಯಾಗಿ ಊರಿಗೆ ಬಂದವನು ಮತ್ತೆ ಬ್ಯಾಂಡಿಗೆ ಸೇರಲಿಲ್ಲ. ಯಾಕೆ ಎಂದು ಮಗಳು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಕಾಯಿಲೆ ಬಿದ್ದೆ. ಅವರು ಬಿಟ್ಟು ಹೋದ್ರು. ಒಬ್ರೂ ತಿರುಗಿ ನೋಡ್ಲಿಲ್ಲ."

ಪೊಟ್ಟಣದೊಳಗೆ ಇದ್ದದ್ದು ಅದೇ ಬ್ಯಾಂಡಿನ ಹಾಡುಗಳ ಹೊಸ ರೆಕಾರ್ಡು. ಹಳೆಯ ಸಂಗೀತವನ್ನು ಹುಡುಕಿ ಹೊರತರುವ ಒಂದು ಸಣ್ಣ ಕಂಪನಿ, ಸೌತ್ ಪೆರೇಡಿನ ಒಳ್ಳೊಳ್ಳೆಯ ಹಾಡುಗಳನ್ನೆಲ್ಲ ಆರಿಸಿ ಒಟ್ಟಿಗೆ ಸೇರಿಸಿತ್ತು. ಮುಖಪುಟದಲ್ಲಿ ಐವರೂ ಇದ್ದರು. ಅಗಲ ಕಾಲಿನ ಪ್ಯಾಂಟು, ಕಿವಿ ಮುಚ್ಚುವ ಕೂದಲು.

"ನೋಡ್ರೀ, ಎಷ್ಟು ಸಣ್ಣಕ್ಕಿದ್ರಿ" ಎಂದು ಹೆಂಡತಿ ಉಷಾರಾಣಿ ನಕ್ಕಳು.

ಸಿರಿ ಮುಳ್ಳು ಇಳಿಸಿದಳು. ಮೊದಲು ಡ್ರಮ್ಮು, ಅದರ ಹಿಂದೆಯೇ ದಪ್ಪ ತಂತಿಯ ಗುಡುಗು. ಅದು ತನ್ನ ಬೆರಳು ಎಂದು ಇಂದ್ರೇಶನಿಗೆ ತಕ್ಷಣ ತಿಳಿಯಿತು. ಕಣ್ಣು ತುಂಬಿ ಬಂತು. ಅದನ್ನು ಮಗಳಿಂದ ಮರೆಮಾಡಲೆಂದು ರೆಕಾರ್ಡಿನ ಹೊದಿಕೆಯನ್ನು ಮಗುಚಿ ಹಿಂಬದಿಯನ್ನು ಓದತೊಡಗಿದ.

ಓದುತ್ತ ಓದುತ್ತ ಅವನ ಕಣ್ಣು ಒಂದು ಕಡೆ ನಿಂತಿತು.

ಕೆಳಗೆ ಕಪ್ಪು ಚೌಕಟ್ಟಿನೊಳಗೆ ಅವನೊಬ್ಬನದೇ ಚಿತ್ರವಿತ್ತು. ಅದರಡಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಈ ಸಂಗ್ರಹ ನಮ್ಮ ಇಂದ್ರೇಶನ ನೆನಪಿಗೆ. ಅರಸೀಕೆರೆಯಲ್ಲಿ, ೧೯೮೦ರಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿಗೆ ತೀರಿಕೊಂಡ.

"ಸಿರಿ, ಅದನ್ನ ನಿಲ್ಸು" ಅಂದ.

ಸಿರಿಯೂ ಹಿಂಬದಿಯನ್ನು ನೋಡಿರಲಿಲ್ಲ. ಓದಿದವಳು ಕುರ್ಚಿಗೆ ಒರಗಿ ಕೂತಳು. "ಅಪ್ಪ, ಏನೋ ತಪ್ಪಾಗಿರ್ಬೇಕು. ಬೇರೆ ಯಾರೋ ಇರ್ಬೇಕು" ಅಂದಳು. ಆದರೆ ಊರು, ಹೆಸರು, ಮುಖ ಎಲ್ಲ ಅವನದೇ ಆಗಿತ್ತು.

ವಾಪಸು ಬರುವಾಗ ಕಾರು ಜಾವಗಲ್ ದಾಟಿತು. ಕಾಮಾಲೆಯಲ್ಲಿ ಇಂದ್ರೇಶ ಮಲಗಿದ್ದದ್ದು ಅದೇ ಊರಿನಲ್ಲಿ, ಸೋದರಮಾವನ ಮನೆಯಲ್ಲಿ. ಅಲ್ಲಿ ನಾಟಿ ಔಷಧಿ ಕೊಡುವವರಿದ್ದರು. ಎರಡು ತಿಂಗಳು ಅಲ್ಲೇ ಇದ್ದ. ಮನೆಗೆ ಬಂದ ದಿನ ಅಪ್ಪ ಷಡಕ್ಷರಪ್ಪ, "ನಿನ್ನ ಕೇಳ್ಕಂಡು ಒಂದು ನರಪಿಳ್ಳೆ ಬರ್ಲಿಲ್ಲ ಕಣ್ಲಾ" ಎಂದಿದ್ದ. ನಿಲ್ಲುವಷ್ಟು ಶಕ್ತಿ ಬಂದ ಮೇಲೆ ಇಂದ್ರೇಶ ಒಮ್ಮೆ ಬೆಂಗಳೂರಿಗೆ ಹೋದ. ಹೋಟೆಲಿನ ಬಾಗಿಲಲ್ಲಿದ್ದ ಹೊಸ ಕಾವಲುಗಾರ, ಆ ಬ್ಯಾಂಡಿನವರು ಈಗ ಇಲ್ಲಿಲ್ಲ, ಬೊಂಬಾಯಿಗೆ ಹೋದರಂತೆ ಎಂದ. ಅವನು ಅದೇ ದಿನದ ರೈಲಿಗೆ ವಾಪಸಾದ.

ಮನೆಯಲ್ಲಿ ತಾಯಿ ಗುರುಸಿದ್ದಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಎಂಬತ್ತೆಂಟು ವರ್ಷ, ಆದರೆ ಕಿವಿ ಚುರುಕು. ಇಂದ್ರೇಶ ಹೊದಿಕೆಯನ್ನು ಅವಳ ಮುಂದೆ ಹಿಡಿದ.

"ಅವ್ವ, ನಾನು ಸತ್ತೋಗಿದೀನಿ ಅಂತ ಬರ್ದವ್ರೆ."

ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಅಚ್ಚರಿ ಕಾಣಲಿಲ್ಲ.

"ಡ್ರಮ್ಮು ಬಾರಿಸೋ ಹುಡುಗ ಬಂದಿದ್ದ" ಅಂದಳು. "ಕುಮಾರಸ್ವಾಮಿ ಅಂತ. ನೀನು ಜಾವಗಲ್‌ನಾಗಿದ್ದೆ. ನಿಮ್ಮಪ್ಪ ಬಾಗ್ಲಲ್ಲೇ ನಿಂತ್ಕಂಡು, ಹೋದ ವಾರ ಹೋಗ್ಬಿಟ್ಟ ಅಂದ್ರು."

"ಹೋಗ್ಬಿಟ್ಟ ಅಂದ್ರೆ?"

"ತೀರ್ಕಂಡ ಅಂತ. ಆ ಹುಡುಗ ನಂಬ್ಲಿಲ್ಲ. ಎಲ್ಲಿ ಮಣ್ಣು ಮಾಡಿದ್ರಿ, ತೋರ್ಸಿ ಅಂತ ಅಲ್ಲೇ ಕುಂತ್ಕಂಡ. ನಿಮ್ಮ ಚಿಕ್ಕಜ್ಜ ಸತ್ತು ಇನ್ನೂ ಎಂಟು ದಿನ ಆಗಿರ್ಲಿಲ್ಲ. ತೋಟದಾಗೆ ಮಣ್ಣು ಹಸೀನೇ ಇತ್ತು. ಅದನ್ನೇ ತೋರ್ಸಿದ್ರು."

ಉಷಾರಾಣಿ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು.

"ನೀನು ಎಲ್ಲಿದ್ದೆ ಅವ್ವ?"

"ಬಾಗ್ಲ ಹಿಂದೆ."

"ಸುಳ್ಳು ಅಂತ ಒಂದು ಮಾತು ಹೇಳ್ಬೋದಿತ್ತಲ್ಲ."

"ಹೇಳ್ಬೋದಿತ್ತು. ಹೇಳಿದ್ರೆ ನೀನು ಹೊರಟೋಗ್ತಿದ್ದೆ."

ಇಂದ್ರೇಶ ಎದ್ದು ಒಳಗೆ ಹೋದ. ಗೋಡೆಯ ಮೇಲೆ ವಿಭೂತಿ ಹಚ್ಚಿದ ಅಪ್ಪನ ಪಟವಿತ್ತು. ದಿನಾ ಕೈಮುಗಿಯುತ್ತಿದ್ದ ಆ ಮುಖವನ್ನು ನೋಡಲಾರದೆ ಹಿತ್ತಲಿಗೆ ನಡೆದ. ಅಂದಿನಿಂದ ತಾಯಿಯೊಡನೆ ಮಾತು ಬಿಟ್ಟ. ಸಿಟ್ಟಿನಿಂದ ಬಿಟ್ಟದ್ದಲ್ಲ, ಬಾಯಿ ತೆರೆದರೆ ಏನು ಬರುತ್ತದೋ ಎಂದು ಅವನಿಗೇ ಹೆದರಿಕೆ. ನಲವತ್ತು ಚಿಲ್ಲರೆ ವರ್ಷ ಅವನು ಗೆಳೆಯರನ್ನು ಬೈದುಕೊಂಡಿದ್ದ. ರೇಡಿಯೋದಲ್ಲಿ ಗಿಟಾರ್ ಬಂದರೂ ಆರಿಸಿಬಿಡುತ್ತಿದ್ದ.

ನಾಲ್ಕು ದಿನದ ಮೇಲೆ ಸಿರಿ ರೆಕಾರ್ಡು ಕಂಪನಿಯವರನ್ನು ಕೇಳಿ ಕುಮಾರಸ್ವಾಮಿಯ ಬೆಂಗಳೂರಿನ ಮನೆಯ ನಂಬರು ತರಿಸಿದಳು. ಇಂದ್ರೇಶ ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಫೋನ್ ಮಾಡಿದ.

"ನಮಸ್ಕಾರ, ನಾನು ಇಂದ್ರೇಶ್. ಅರಸೀಕೆರೆಯಿಂದ."

ಆ ಕಡೆ ನಡುವಯಸ್ಸಿನ ದನಿ. "ಸರ್, ಇಂದ್ರೇಶ್ ನಾನು. ನೀವ್ಯಾರು ಅಂತ ಹೇಳಿ."

"ನನ್ನ ಹೆಸರೂ ಅದೇ."

"ಅರಸೀಕೆರೆ ಅಂದ್ರಾ? ಅಲ್ಲಿ ಅಪ್ಪನ ಫ್ರೆಂಡ್ ಒಬ್ರಿದ್ರು ಸರ್. ಚಿಕ್ಕ ವಯಸ್ಸಲ್ಲೇ ತೀರಿಹೋದ್ರು. ಅವರ ಹೆಸರೇ ನನಗಿಟ್ಟಿದ್ದು. ನೀವು ಅವರ ಕಡೆಯೋರಾ?"

ಇಂದ್ರೇಶ ಫೋನನ್ನು ಕಿವಿಯಿಂದ ಕೆಳಗಿಳಿಸಿದ. ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಉಷಾರಾಣಿ ಫೋನು ತೆಗೆದುಕೊಂಡಳು. "ಅವರ ಕಡೆಯೋರಲ್ಲ ಕಣಪ್ಪ, ಅವ್ರೇ. ಬದುಕವ್ರೆ. ನಿಮ್ಮ ತಂದೆಗೆ ಕೊಡು. ಕೂರ್ಸಿ ಕೊಡು."

ಅವಳು ಫೋನನ್ನು ಮತ್ತೆ ಗಂಡನ ಕೈಗಿಟ್ಟಳು. ಕುಮಾರಸ್ವಾಮಿಯ ದನಿ ಒರಟಾಗಿ ಬಂತು. "ಯಾರ್ರೀ ನೀವು? ಇಂಥ ತಮಾಷೆ ಮಾಡ್ಬಾರ್ದು."

"ಕುಮಾರ, ನಿನ್ನ ಎಡಗೈ ಕೋಲು ಯಾವಾಗ್ಲೂ ಜಾರೋದು. ಮೇಣದಬತ್ತಿ ಉಜ್ಕಂತಿದ್ದೆ. ಒಂದ್ಸಲ ನನ್ನ ಹಣೆಗೇ ಬಂದು ಬಡೀತು."

ಏನೋ ಕೆಳಗೆ ಬಿದ್ದ ಸದ್ದು. ಫೋನು ಕಟ್ಟಾಯಿತು. ಅವರೇ ಮತ್ತೆ ಮಾಡುವವರೆಗೆ ಇಂದ್ರೇಶ ನಿಂತಲ್ಲೇ ನಿಂತಿದ್ದ.

"ನಾನು ನಿನ್ನ ಗುಂಡಿಗೆ ಮಣ್ಣು ಹಾಕಿದೀನಿ ಕಣೋ" ಅಂದ ಕುಮಾರಸ್ವಾಮಿ. "ಈ ಕೈಯಲ್ಲೇ. ನೀನಿಲ್ದೆ ನುಡಿಸೋಕೆ ಆಗ್ಲಿಲ್ಲ. ನಿನ್ನ ಜಾಗದಲ್ಲಿ ಇನ್ನೊಬ್ಬನ್ನ ನಿಲ್ಸೋಕೆ ಯಾರಿಗೂ ಮನಸ್ಸು ಬರ್ಲಿಲ್ಲ. ಬೊಂಬಾಯಿಗೆ ಹೋಗಿ ಒಂದು ವರ್ಷಕ್ಕೇ ಬ್ಯಾಂಡ್ ಒಡೆದೋಯ್ತು."

ಮರುದಿನವೇ ಕುಮಾರಸ್ವಾಮಿ ಮಗನ ಕಾರಿನಲ್ಲಿ ಬಂದ. ಬೋಳು ತಲೆ, ಕೈಯಲ್ಲಿ ಊರುಗೋಲು. ಇಂದ್ರೇಶನ ಎರಡೂ ಭುಜವನ್ನು, ಕೆನ್ನೆಯನ್ನು ಮುಟ್ಟಿ ನೋಡಿದ. ಬಲಗೈಯ ಮಣಿಕಟ್ಟು ಹಿಡಿದವನು ಊಟಕ್ಕೆ ಕೂರುವವರೆಗೆ ಬಿಡಲಿಲ್ಲ.

ಗುರುಸಿದ್ದಮ್ಮ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಇಂದ್ರೇಶ ಬಾಗಿಲಿಗೆ ಹೋಗಿ ನಿಂತ. "ಅವ್ವ, ಬಾ ಊಟಕ್ಕೆ" ಅಂದ. ಆ ವಾರದಲ್ಲಿ ಅದೇ ಮೊದಲ ಮಾತು.

ಅವಳು ಬಂದು ಕುಮಾರಸ್ವಾಮಿಯ ಎದುರಿಗೆ ಕೂತಳು. ಅವನು ಮುದ್ದೆ ಮುರಿಯುತ್ತ ಮೆಲ್ಲಗೆ ಕೇಳಿದ. "ಇವರಪ್ಪ ಯಾಕಮ್ಮ ಹಾಗೆ ಹೇಳಿದ್ರು?"

"ಬದುಕವ್ನೆ ಅಂದ್ರೆ ನೀವು ಕರ್ಕಂಡು ಹೋಗ್ತಿದ್ರಿ. ಇದ್ದೋನೊಬ್ಬ ಮಗ." ಅವಳು ತುತ್ತು ಕೆಳಗಿಟ್ಟಳು. "ನೀನು ಹೋದ್ಮೇಲೆ ಅವರು ಮನೆ ಒಳಗೆ ಬರ್ಲಿಲ್ಲ. ಬಾವಿ ಹತ್ರ ಹೋಗಿ ಉಟ್ಟ ಬಟ್ಟೇಲೇ ತಲೆ ಮೇಲೆ ನೀರು ಸುರ್ಕಂಡ್ರು, ಮಣ್ಣು ಮಾಡಿ ಬಂದೋರು ಸುರ್ಕಳ್ಳೋ ಹಂಗೆ. ಆಮೇಲೆ ಸಾಯೋ ತನಕ ಆ ತೋಟಕ್ಕೆ ಕಾಲಿಡ್ಲಿಲ್ಲ."

ಅಪ್ಪ ಆ ತೋಟಕ್ಕೆ ಬರದಿದ್ದದ್ದು ಇಂದ್ರೇಶನಿಗೆ ಗೊತ್ತಿತ್ತು. ಮಂಡಿ ನೋವು ಎಂದುಕೊಂಡಿದ್ದ. ಬೆರಳಲ್ಲಿ ಸಾರು ಒಣಗುತ್ತಿದ್ದರೂ ಅವನು ಅಲುಗಾಡಲಿಲ್ಲ. ಕುಮಾರಸ್ವಾಮಿ ಬಹಳ ಹೊತ್ತು ಮುದುಕಿಯನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿ ಊಟ ಮುಂದುವರಿಸಿದ.

ಹೊರಡುವ ಹೊತ್ತಿಗೆ ಕುಮಾರಸ್ವಾಮಿ ಕಾರಿನ ಹಿಂದಿನ ಬಾಗಿಲು ತೆಗೆದು ಸರಿದು ಕೂತ, ಪಕ್ಕದಲ್ಲಿ ಜಾಗ ಬಿಟ್ಟು. ಇಂದ್ರೇಶ ತಾಯಿಯ ಕಡೆ ತಿರುಗಿದ.

"ಹೋಗ್ಬಾ" ಅಂದಳು ಗುರುಸಿದ್ದಮ್ಮ, ಕಂಬ ಹಿಡಿದುಕೊಂಡು.

ಅವನು ಮನೆಯ ಚಪ್ಪಲಿಯಲ್ಲೇ ಹತ್ತಿ ಕೂತ. ಉಷಾರಾಣಿ ಒಳಗೆ ಓಡಿ ಬಿಪಿ ಮಾತ್ರೆಯ ಪೊಟ್ಟಣ ತಂದು ಕಿಟಕಿಯಿಂದ ಅವನ ತೊಡೆಯ ಮೇಲೆ ಹಾಕಿದಳು. "ಊಟ ಆದ್ಮೇಲೆ ತಗಳ್ರೀ, ಮರೀಬೇಡಿ" ಅಂದಳು. ಕಿರಿಯ ಇಂದ್ರೇಶ್ ಕಾರು ಬಿಟ್ಟ.